ಪಾರಕ್ಕನ ಕ್ಯಾಸೆಟ್ಟು

ಕಮರಿಪೇಟೆಯ ನಮ್ಮ ಮನೆಯ ಪಡಸಾಲೆಗೆ ಎರಡು ವಾಸನೆಗಳಿದ್ದವು. ಬೀದಿ ಕಡೆಯ ಕಿಟಕಿಯ ಬಳಿ ಅಪ್ಪನ ಮೇಜು, ಅಲ್ಲಿ ಸ್ಪಿರಿಟಿನ ವಾಸನೆ. ಒಳಗಿನ ಮೂಲೆಯಲ್ಲಿ ಆಯಿಯ ದೇವರ ಜಗಲಿ, ಅಲ್ಲಿ ವಿಭೂತಿ, ಊದಿನಕಡ್ಡಿ, ಬಾಡಿದ ಚೆಂಡುಹೂವು. ಆಯಿ ಎಂದರೆ ಅಪ್ಪನ ತಾಯಿ. ಇಬ್ಬರಿಗೂ ಆ ಪಡಸಾಲೆ ತಮ್ಮದೇ ಎಂಬ ಭಾವನೆ ಇತ್ತು, ಇಬ್ಬರೂ ಸೋಲುವ ಪೈಕಿ ಅಲ್ಲ. ನಡುವೆ ಸಿಕ್ಕಿಕೊಂಡವರು ಅವ್ವ ಮತ್ತು ನಾನು. ಅಪ್ಪ ವಿಸಿಆರ್ ಮತ್ತು ಕಲರ್ ಟಿವಿ ಬಾಡಿಗೆಗೆ ಕೊಡುತ್ತಿದ್ದ, ಕೆಟ್ಟವನ್ನು ರಿಪೇರಿ ಮಾಡುತ್ತಿದ್ದ. ಆಗಿನ್ನೂ ಮನೆಮನೆಗೆ ವಿಸಿಆರ್ ಬಂದಿರಲಿಲ್ಲ. ಕುಬಸ, ತೊಟ್ಟಿಲು, ಹಬ್ಬ ಎಂದರೆ ಜನ ನಮ್ಮಲ್ಲಿಂದ ಒಯ್ದು ಇಡೀ ಓಣಿಗೆ ಪಿಕ್ಚರ್ ತೋರಿಸುತ್ತಿದ್ದರು. ಹೀಗಾಗಿ ಊರಿಗೆಲ್ಲ ಹಬ್ಬ ಬಂದರೆ ನಮ್ಮ ಮನೆಯಲ್ಲಿ ಅಪ್ಪ ಮಾತ್ರ ಇರುತ್ತಿರಲಿಲ್ಲ.

ಹೊರಗೆ ಹೋಗಿ ಬಂದ ಯಂತ್ರವನ್ನು ಅಪ್ಪ ಒರೆಸದೆ ಕಪಾಟಿನಲ್ಲಿ ಇಟ್ಟದ್ದು ನಾನು ನೋಡಿಲ್ಲ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ ಒಂದು ಸ್ಟೀಲ್ ವಾಟಿಯಲ್ಲಿ ಹಾಕುತ್ತಿದ್ದ. ಆ ವಾಟಿ ಮೊದಲು ನನ್ನ ಹಾಲಿನ ವಾಟಿಯಾಗಿತ್ತು, ಅದಕ್ಕಾಗಿ ನಾನು ಅತ್ತದ್ದೂ ಉಂಟು. ಒಳಗೆ ಧೂಳು, ಇರುವೆ, ಒಮ್ಮೊಮ್ಮೆ ಯಾರದೋ ಮನೆಯ ಚುರಮರಿ ಸಿಗುತ್ತಿತ್ತು. ಅದನ್ನೆಲ್ಲ ಬ್ರಷ್ಷಿನಿಂದ ತೆಗೆದ ಮೇಲೆ ಮುಖ್ಯ ಕೆಲಸ. ಯಂತ್ರದ ನಡುವೆ ಸ್ವಲ್ಪ ವಾರೆಯಾಗಿ ಕೂತ ಒಂದು ಹೊಳೆಯುವ ಡ್ರಮ್ ಇರುತ್ತದೆ, ಮುಷ್ಟಿ ಗಾತ್ರದ್ದು. ಕ್ಯಾಸೆಟ್ಟಿನ ಟೇಪು ಇದಕ್ಕೇ ಸುತ್ತಿಕೊಂಡು ಓಡುವುದು. ಡ್ರಮ್ಮಿನ ಅಂಚಿನಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹೆಡ್ಡು, ಚಿತ್ರ ಓದುವುದು ಅದೇ. ಅಪ್ಪ ಮೆತ್ತನೆಯ ತೊಗಲಿನ ತುಂಡನ್ನು ಸ್ಪಿರಿಟಿನಲ್ಲಿ ಅದ್ದಿ ಡ್ರಮ್ಮಿಗೆ ಮೆಲ್ಲಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸುತ್ತಿದ್ದ. ತೊಗಲನ್ನು ಮೇಲೆ ಕೆಳಗೆ ಎಳೆದರೆ ಹೆಡ್ಡು ಮುರಿಯುತ್ತದೆ. ಆಗ ಅವನ ಹತ್ತಿರ ಯಾರೂ ಮಾತಾಡುವಂತಿರಲಿಲ್ಲ, ಆಯಿಯನ್ನು ಬಿಟ್ಟು.

"ಲಿಂಗ ಕಟ್ಟಿದವರ ಮನ್ಯಾಗ ತೊಗಲ ತಂದ ಇಟ್ಟೀಯಲ್ಲೋ ಬಸ್ಯಾ."

"ಅರಿವಿ ಹಚ್ಚಿದ್ರ ಅದರ ಎಳಿ ಹೆಡ್ಡಿಗೆ ಸಿಗತಾವ ಬೇ. ಇದಕ್ಕ ತೊಗಲನ ಬೇಕು."

"ಮ್ಯಾಲೆ ಈ ಸೆರೆ ವಾಸನಿ ಬ್ಯಾರೆ."

"ಅದು ಸೆರೆ ಅಲ್ಲ, ಸ್ಪಿರಿಟ್ಟು."

"ಹೌದೋ ಅಲ್ಲೋ ಕುಡದವರಿಗೆ ಗೊತ್ತು."

ಈ ಜಗಳ ಎಷ್ಟು ಹಳೆಯದೆಂದರೆ ಕೊನೆಗೆ ಅದಕ್ಕೊಂದು ಒಪ್ಪಂದವೂ ಆಗಿತ್ತು. ತೊಗಲಿನ ತುಂಡುಗಳು ಒಂದು ಡಬ್ಬಿಯಲ್ಲಿ, ಡಬ್ಬಿ ಹೊರಗಿನ ಕಟ್ಟೆಯ ಮೇಲಿನ ಗೂಡಿನಲ್ಲಿ. ಕೆಲಸ ಮುಗಿದ ಮೇಲೆ ಅಪ್ಪ ಸಬಕಾರ ಹಚ್ಚಿ ಕೈ ತೊಳೆದುಕೊಂಡೇ ಅಡುಗೆಮನೆಗೆ ಬರಬೇಕು. ಅಪ್ಪನ ಕೈಯೇನೋ ಶುದ್ಧವಾಯಿತು, ತೊಗಲು ಮುಟ್ಟಿದ ಯಂತ್ರದ ಗತಿ ಏನು ಎಂದು ಆಯಿ ಗೊಣಗುತ್ತಿದ್ದಳು. ಆ ಗೊಣಗಾಟವನ್ನು ನಾವ್ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳಬೇಕಾಗಿತ್ತು.

ಬಾಡಿಗೆಗೆ ಹೋಗದ ಒಂದು ಯಂತ್ರ ನಮ್ಮಲ್ಲಿತ್ತು, ಮನೆಯದು. ಅದರ ಮುಂದೆ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಪಾರಕ್ಕ ಬಂದು ಕೂಡುತ್ತಿದ್ದಳು. ನಮ್ಮ ಹಿಂದಿನ ಓಣಿಯವಳು, ಗಂಡನಿಲ್ಲದವಳು, ನಾನು ಕಾಕು ಎನ್ನುತ್ತಿದ್ದೆ. ಮಗಳು ಸುವರ್ಣಾಳ ಮದುವೆಯಾದ ಮರುವರ್ಷವೇ ಪಾರಕ್ಕನ ಮಗ ಮಹಾಂತೇಶ ಜ್ವರ ತಲೆಗೇರಿ ತೀರಿಕೊಂಡಿದ್ದ. ಫೋಟೋಗಳಿದ್ದವು, ಆದರೆ ಅವುಗಳಲ್ಲಿ ಅವನು ಉಸಿರು ಬಿಗಿಹಿಡಿದು ನಿಂತಿದ್ದ. ತಂಗಿಯ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ ಓಡಾಡುತ್ತಿದ್ದ. ಅಕ್ಕಿಕಾಳು ಎರಚುವ ಹೊತ್ತಿಗೆ ಹಂದರದ ಕಂಬದ ಹಿಂದಿನಿಂದ ಬಂದು, ಹಣೆಯ ಮೇಲಿನ ಕೂದಲು ಹಿಂದೆ ತಳ್ಳಿ, ನೇರ ಕ್ಯಾಮೆರಾದ ಕಡೆ ನೋಡಿ ನಗುತ್ತಿದ್ದ. ಅಲ್ಲಿಗೆ ಬಂದ ಕೂಡಲೇ ಪಾರಕ್ಕ ಮೊಣಕಾಲ ಮೇಲೆ ಕೈಯೂರಿ ಮುಂದೆ ಬಾಗುತ್ತಿದ್ದಳು.

"ಇಲ್ಲಿ ನಿಲ್ಲಸ್ರಿ."

ಅಪ್ಪ ಚಿತ್ರ ತಡೆದು ನಿಲ್ಲಿಸುವ ಪಾಸ್ ಗುಂಡಿ ಒತ್ತುತ್ತಿದ್ದ. ಮಗನ ಮುಖ ಸ್ವಲ್ಪ ನಡುಗುತ್ತ ಪರದೆಯ ಮೇಲೆ ನಿಲ್ಲುತ್ತಿತ್ತು. ಅವಳು ಅಳುತ್ತಿರಲಿಲ್ಲ. ಸುಮ್ಮನೆ ನೋಡಿ, "ಇವತ್ತ ಊಟಾ ಮಾಡಿಲ್ಲೋ ಯಪ್ಪಾ, ನಿನ್ನ ನೋಡಿ ಮಾಡ್ತೀನಿ" ಎಂದೋ ಮತ್ತೇನೋ ಅವನಿಗೆ ಹೇಳುತ್ತಿದ್ದಳು. ಆಮೇಲೆ ಅವ್ವ ಕೊಟ್ಟ ಚಹಾ ಕುಡಿದು, ಕ್ಯಾಸೆಟ್ಟು ಸೆರಗಿನಲ್ಲಿ ಸುತ್ತಿಕೊಂಡು ಹೋಗುತ್ತಿದ್ದಳು. ಒಂದು ಪೈಸೆ ಬಾಡಿಗೆ ತೆಗೆದುಕೊಳ್ಳದ ಅಪ್ಪನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ನಮ್ಮ ಅಪ್ಪನಂಥ ಒಳ್ಳೆಯ ಮನುಷ್ಯ ಇಲ್ಲ ಎಂದು ಸಾಲೆಯಲ್ಲೂ ಹೇಳಿಕೊಂಡು ಬರುತ್ತಿದ್ದೆ. ಅದು ಸುಳ್ಳೂ ಅಲ್ಲ. ಅದಕ್ಕೇ ಮುಂದಿನದನ್ನು ಬರೆಯುವುದು ನನಗೆ ಕಷ್ಟ.

ನವರಾತ್ರಿಯಲ್ಲಿ ಹತ್ಯಾರಗಳಿಗೆ ಮಾಡುವ ಖಂಡೆ ಪೂಜೆಯ ಹಿಂದಿನ ದಿನ ಅಪ್ಪ ಎಲ್ಲ ಯಂತ್ರಗಳ ಮುಚ್ಚಳ ತೆಗೆದು ತೊಳೆದಷ್ಟು ಸ್ವಚ್ಛ ಮಾಡುತ್ತಿದ್ದ. ಸ್ಪಿರಿಟ್ಟು ಆರಲಿ ಎಂದು ರಾತ್ರಿಯಿಡೀ ಬಾಯಿ ತೆರೆದೇ ಬಿಡುತ್ತಿದ್ದ. ಬೆಳಿಗ್ಗೆ ತಾನೇ ಮುಚ್ಚಳ ಹಾಕಿ, ಸ್ಕ್ರೂಡ್ರೈವರು, ಇಕ್ಕಳ, ಯಂತ್ರ ಎಲ್ಲವನ್ನೂ ಸಾಲಾಗಿ ಇಟ್ಟು ಆಯಿಗೆ ಒಪ್ಪಿಸುತ್ತಿದ್ದ. ಆಯಿ ಮುಚ್ಚಳದ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು ಹೂವು ಇಡುತ್ತಿದ್ದಳು. ಆ ವರ್ಷ ಉಪ್ಪಿನಬೆಟಗೇರಿಯ ಒಬ್ಬ ದೊಡ್ಡ ರೈತರ ಮನೆಯಿಂದ ಹಬ್ಬದ ಎರಡು ದಿನಕ್ಕೂ ಕರೆ ಬಂದಿತ್ತು. ಅಪ್ಪ ನಸುಕಿನಲ್ಲೇ ಬಾಡಿಗೆಯ ಯಂತ್ರಗಳನ್ನೆಲ್ಲ ಟೆಂಪೋಕ್ಕೆ ಏರಿಸಿದ. ಖಂಡೆ ಪೂಜೆಯ ದಿನ ಹತ್ಯಾರ ದುಡಿಯಬಾರದು ಎಂದು ಆಯಿ ಬಾಗಿಲಲ್ಲೇ ನಿಂತು ಬೈದಳು. ಅವಳ ಬಾಯಿಂದ ಬೇಗ ಪಾರಾಗುವ ಗಡಿಬಿಡಿಯಲ್ಲಿ ಅಪ್ಪ ಮನೆಯ ಯಂತ್ರವನ್ನು ತೆರೆದೇ ಬಿಟ್ಟ. ಮುಚ್ಚಳ ಹಾಕು ಎಂದು ಅವ್ವನಿಗೆ ಹೇಳಿ ಹೋದ. ಅವ್ವ ಒಲೆಯ ಮೇಲೆ ಹೋಳಿಗೆಯ ಬೇಳೆ ಇಟ್ಟಿದ್ದಳು.

ಆಮೇಲೆ ಆದದ್ದನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ಆಯಿಯನ್ನು ಬಲ್ಲವರಿಗೆ ಊಹಿಸುವುದು ಕಷ್ಟವಲ್ಲ. ಅಷ್ಟು ವರ್ಷ ಪೂಜೆಗೆ ಮುಚ್ಚಳ ಮಾತ್ರ ಸಿಕ್ಕವಳ ಮುಂದೆ ಯಂತ್ರದ ಒಡಲು ತೆರೆದಿತ್ತು. ನಡುವೆ ದುಂಡಗೆ, ನುಣ್ಣಗೆ, ಲಿಂಗದ ಹಾಗೆ ಕೂತ ಡ್ರಮ್. ಅದನ್ನೇ ತನ್ನ ಮಗ ಸೆರೆಯಲ್ಲಿ ಅದ್ದಿದ ತೊಗಲಿನಿಂದ ಒರೆಸುತ್ತಿದ್ದ. ಆ ಮೈಲಿಗೆ ಕಳೆಯಲು ಇದಕ್ಕಿಂತ ಒಳ್ಳೆಯ ದಿನ ಯಾವುದು? ಆಯಿ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ತನ್ನ ಹಣೆಗೆ ಎಳೆದುಕೊಳ್ಳುವಷ್ಟೇ ಭಕ್ತಿಯಿಂದ ಡ್ರಮ್ಮಿಗೆ ಮೂರು ಎಳೆ ಎಳೆದಳು. ಹೋಳಿಗೆ ಮುಗಿಸಿ ಬಂದ ಅವ್ವ ಒಳಗೆ ನೋಡದೆ ಮುಚ್ಚಳ ಹಾಕಿದಳು. ಆಯಿ ಮುಚ್ಚಳದ ಮೇಲೂ ವಿಭೂತಿ ಹಚ್ಚಿದಳು. ಆ ಸಂಜೆ ಅವಳು ಬಹಳ ಸಂತೋಷದಲ್ಲಿದ್ದಳು, ನನಗೆ ಎರಡು ಸಲ ತುಪ್ಪ ಬಡಿಸಿದಳು.

ಮರುದಿನ ಬನ್ನಿ. ಓಣಿಯವರೆಲ್ಲ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟಲು ಬರುವ ದಿನ. ಪಾರಕ್ಕನೂ ಬಂದಳು, ಆಯಿಯ ಕೈಗೆ ಎಲೆ ಕೊಟ್ಟು ಕಾಲು ಮುಟ್ಟಿದಳು. ಸೆರಗಿನೊಳಗೆ ಕ್ಯಾಸೆಟ್ಟು ಇರುವುದು ಎಲ್ಲರಿಗೂ ಕಂಡಿತು.

"ಅಮಾಸಿ ಇನ್ನೂ ದೂರ ಐತಿ. ಆದ್ರ ಹಬ್ಬದಾಗ ಅಂವನ ಮಾರಿ ನೋಡಬೇಕ ಅನಿಸ್ತು. ಬಸಣ್ಣ ಇಲ್ಲೇನ್ರಿ?"

"ಇಲ್ಲಂದ್ರ ಏನಾತು, ನಾ ಹಚ್ಚತೀನಿ ಕೂಡ್ರಿ," ಎಂದಳು ಅವ್ವ.

ಚಿತ್ರ ಮೊದಲಿನಿಂದಲೂ ಮಬ್ಬಾಗಿ, ಬಿಳಿ ಬಿಳಿ ಗೆರೆಗಳೊಂದಿಗೆ ಬಂತು. ಕರೆಂಟಿನ ದೋಷ ಇರಬೇಕು ಎಂದಳು ಅವ್ವ. ಕಂಬದ ಹಿಂದಿನಿಂದ ಮಹಾಂತೇಶ ಬಂದ, ಅವ್ವ ಪಾಸ್ ಒತ್ತಿದಳು. ಪಾಸ್ ಒತ್ತಿದರೆ ಟೇಪು ನಿಲ್ಲುತ್ತದೆ, ಡ್ರಮ್ಮು ನಿಲ್ಲುವುದಿಲ್ಲ. ಒಂದೇ ಜಾಗದ ಮೇಲೆ ಅದು ಗರಗರ ತಿರುಗುತ್ತಲೇ ಇರುತ್ತದೆ. ಒಣಗಿ ಗಟ್ಟಿಯಾದ ವಿಭೂತಿಯ ಸಮೇತ ಅದು ಮಹಾಂತೇಶನ ಮುಖದ ಮೇಲೆ ತಿರುಗಿತು. ಒಂದು ಕೀರಲು ದನಿ ಬಂತು, ಪರದೆಯ ತುಂಬ ಕಡಲೆ ಹುರಿದ ಹಾಗಾಯಿತು. ಅವ್ವ ಗಾಬರಿಯಿಂದ ಸಿಕ್ಕ ಸಿಕ್ಕ ಗುಂಡಿ ಒತ್ತಿದಳು. ಟೇಪು ಒಳಗೇ ಸಿಕ್ಕಿಕೊಂಡು ಮುದುಡಿತು. ಪಾರಕ್ಕ ಎದ್ದು ನಿಂತು ಟಿವಿಯ ಗಾಜನ್ನು ಸೆರಗಿನಿಂದ ಒರೆಸಿದಳು.

ಅಪ್ಪ ಬಂದದ್ದು ಮರುದಿನ ಮಧ್ಯಾಹ್ನ. ಮುಚ್ಚಳ ತೆಗೆದು ಒಳಗೆ ಬಗ್ಗಿದ. ನಾನು ಅವನ ಹೆಗಲ ಮೇಲಿನಿಂದ ಬಗ್ಗಿ ನೋಡಿದೆ. ಡ್ರಮ್ಮಿನ ಮೇಲೆ ಅರೆಬರೆ ಉಳಿದ ಮೂರು ಬಿಳಿ ಎಳೆಗಳು, ಸುತ್ತಲೂ ಬೂದಿ, ಅದರಲ್ಲಿ ಕರಿ ಟೇಪಿನ ಪುಡಿ. ಅಪ್ಪ ನನ್ನ ಬಾಯಿಯ ಮೇಲೆ ಕೈ ಇಟ್ಟ. ಅವ್ವನನ್ನು ಕರೆದು ತೋರಿಸಿದ.

"ಮುಚ್ಚಳಾ ಹಾಕುಮುಂದ ನಾ ನೋಡಬೇಕಿತ್ತರಿ."

"ನಾ ಹಾಕಿ ಹೋಗಬೇಕಿತ್ತು. ಇರಲಿ. ನಮ್ಮವ್ವಗ ಗೊತ್ತಾಗಬಾರದು. ಆಕಿ ಅನ್ನಾ ನೀರು ಬಿಡ್ತಾಳ."

ಅದು ನಿಜ. ಆಯಿ ಒಮ್ಮೆ ಬೆಕ್ಕಿನ ಮರಿ ತನ್ನ ಕಾಲಿಗೆ ಸಿಕ್ಕಿತೆಂದು ಮೂರು ದಿನ ಉಂಡಿರಲಿಲ್ಲ. ತಾನು ಹಚ್ಚಿದ ವಿಭೂತಿಯಿಂದ ಒಬ್ಬ ತಾಯಿಯ ಮಗನ ಮುಖ ಅಳಿಸಿತು ಎಂದು ತಿಳಿದರೆ ವಿಭೂತಿಯನ್ನೂ ಬಿಡುತ್ತಿದ್ದಳು, ಊಟವನ್ನೂ ಬಿಡುತ್ತಿದ್ದಳು. ಪಾರಕ್ಕನಿಗೆ ನಿಜ ಹೇಳಿದರೆ ಓಣಿಗೆ ಗೊತ್ತಾಗುತ್ತದೆ, ಓಣಿಗೆ ಗೊತ್ತಾದದ್ದು ಆಯಿಗೆ ಗೊತ್ತಾಗದೆ ಇರುವುದಿಲ್ಲ. ಅಪ್ಪ ಹಾಳಾದ ತುಂಡನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಜೋಡಿಸಿ, ಡ್ರಮ್ಮನ್ನು ತೊಗಲಿನಿಂದ ಒರೆಸಿದ. ಸಂಜೆ ಪಾರಕ್ಕ ಬಂದಾಗ ಆಯಿ ಅಲ್ಲೇ ಜಗಲಿಯ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದಳು. ಅಪ್ಪ ಒಮ್ಮೆ ಆಯಿಯ ಕಡೆ ನೋಡಿದ, ಒಮ್ಮೆ ಪಾರಕ್ಕನ ಕಡೆ ನೋಡಿದ.

"ಪಾರಕ್ಕ, ಅಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡಿದ್ರಲ್ಲ, ಅಷ್ಟ ಜಾಗಾ ಸವದ ಹೋಗೇತ್ರಿ. ಟೇಪ ಹಂಗ ಇರ್ತತಿ."

ಪೂರ್ತಿ ಸುಳ್ಳಲ್ಲ. ಪಾಸ್ ಮಾಡಿ ಬಹಳ ಹೊತ್ತು ಬಿಟ್ಟರೆ ಟೇಪು ಸವೆಯುತ್ತದೆ, ಅದಕ್ಕೇ ಯಂತ್ರ ಕೆಲವು ನಿಮಿಷಕ್ಕೆ ತಾನೇ ಪಾಸ್ ಬಿಡುತ್ತದೆ. ಆ ಅರ್ಧ ನಿಜದಿಂದಾಗಿಯೇ ಅಪ್ಪನ ಬಾಯಿಂದ ಮಾತು ಅಷ್ಟು ಸಲೀಸಾಗಿ ಬಂತು. ಪಾರಕ್ಕ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಹಂಗಾರ ನಾನ ನೋಡಿ ನೋಡಿ ಸವಿಸಿಬಿಟ್ನಿ ಅನ್ರಿ."

ಅಪ್ಪ ಅಲ್ಲ ಎನ್ನದೆ ಕ್ಯಾಸೆಟ್ಟನ್ನು ಅವಳ ಕೈಗೆ ಕೊಟ್ಟ.

"ಊಟದ ಪಂಕ್ತ್ಯಾಗ ನೀಡೂದರಾಗೂ ಅದಾನರಿ ಅಂವಾ. ಅದಾದ್ರೂ ಉಳೀಲಿ," ಎಂದಳು ಪಾರಕ್ಕ.

ಕ್ಯಾಸೆಟ್ಟು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಆಯಿ ಅವಳ ಬೆನ್ನು ನೋಡುತ್ತ, ದೇವರು ಆಕೆಗೆ ಯಾಕೆ ಇಷ್ಟು ಕಷ್ಟ ಕೊಡುತ್ತಾನೋ ಎಂದು ಕಣ್ಣೊರೆಸಿಕೊಂಡಳು. ಮುಂದಿನ ಅಮಾವಾಸ್ಯೆ ಅವ್ವ ಚಹಾಕ್ಕೆ ನೀರು ಇಟ್ಟಿದ್ದಳು. ಪಾರಕ್ಕ ಬರಲಿಲ್ಲ, ಮತ್ತೆ ಎಂದೂ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದಳು, ಕ್ಯಾಸೆಟ್ಟಿನ ಮಾತು ಮಾತ್ರ ಇಲ್ಲ.

ನಾವು ಕೆಟ್ಟವರಾಗಿರಲಿಲ್ಲ ಎಂದು ಹೇಳಲು ನನಗೆ ಈಗಲೂ ಆಸೆಯಾಗುತ್ತದೆ. ಹಬ್ಬ ಕಳೆಯಲಿ, ಆಯಿ ಊರಿಗೆ ಹೋದಾಗ ಹೇಳೋಣ ಎಂದ ಅಪ್ಪ. ಆಯಿ ಊರಿಗೆ ಹೋಗಿ ಬಂದಳು. ಆಯಿ ಇರುವ ತನಕ ಬೇಡ ಎಂದ. ಆಯಿ ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ನೆಮ್ಮದಿಯಿಂದ ಹೋದಳು. ಅಷ್ಟರಲ್ಲಿ ಪಾರಕ್ಕ ಮಗಳ ಜೊತೆ ಇರಲು ಗಬ್ಬೂರಿಗೆ ಹೋಗಿಯಾಗಿತ್ತು. ಈಗ ಹೋಗಿ ಹಳೆಯ ಗಾಯ ಕೆದಕುವುದು ಯಾಕೆ ಎಂದ ಅಪ್ಪ. ಅದು ಅವನ ಗಾಯದ ಮಾತು ಎಂದು ತಿಳಿಯುವಷ್ಟು ದೊಡ್ಡವಳಾಗಿದ್ದೆ ನಾನು, ಆದರೂ ಹೌದು ಎಂದೆ. ನಮ್ಮ ಮನೆಯಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಡ್ರಮ್ ಒರೆಸುವುದಲ್ಲ. ಎದುರಿಗಿರುವವರಿಗೆ ನೋವಾಗದಂತೆ ಅರ್ಧ ನಿಜ ಹೇಳುವುದು. ಆ ನೋವು ಬೇರೆ ಯಾರ ಮನೆಗೆ ಹೋಗಿ ಕೂತಿತು ಎಂದು ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಗಂಡ, ಮಕ್ಕಳು, ನೆಂಟರ ನಡುವೆ ಇದೇ ವಿದ್ಯೆಯಿಂದ ನಾನು ಬಹಳ ಒಳ್ಳೆಯವಳು ಎನಿಸಿಕೊಂಡಿದ್ದೇನೆ.

ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಅದೇ ಪಡಸಾಲೆಯಲ್ಲಿ ಅದೇ ಮೇಜಿನ ಮುಂದೆ ಕೂತು ನಾನು ಜನರ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಯಂತ್ರಗಳಿಗೆ ಈಗ ಬಿಡಿಭಾಗ ಸಿಗುವುದಿಲ್ಲ, ಗುಜರಿಯಿಂದ ತಂದ ನಾಲ್ಕನ್ನು ಬಿಚ್ಚಿದರೆ ಒಂದು ನಡೆಯುತ್ತದೆ. ಬೆಲ್ಟು ಸಡಿಲಾಗಿರುತ್ತದೆ, ರಬ್ಬರ್ ರೋಲರು ಕಲ್ಲಾಗಿರುತ್ತದೆ, ಕ್ಯಾಸೆಟ್ಟುಗಳಿಗೆ ಬೂಸು ಹಿಡಿದಿರುತ್ತದೆ. ಕಳೆದ ಶ್ರಾವಣದಲ್ಲಿ ಪಾರಕ್ಕನ ಮಗಳು ಸುವರ್ಣಾ ಬಂದಳು. ಕೂದಲು ಬೆಳ್ಳಗಾಗಿತ್ತು, ನನಗೆ ಗುರುತೇ ಹತ್ತಲಿಲ್ಲ. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು.

"ನನ್ನ ಮದವಿ ಕ್ಯಾಸೆಟ್ಟು. ಮೊಮ್ಮಕ್ಕಳು ನೋಡ್ತೀವಿ ಅಂತಾವ. ಅವ್ವಗ ಹೇಳಿಲ್ಲ ನಾ, ಮತ್ತ ನೀ ಎಲ್ಲಿ ಬಾಯಿ ಬಿಟ್ಟೀಯ."

"ಯಾಕ?"

"ಯಾರಿಗೂ ಹಚ್ಚಾಕ ಕೊಡೂದಿಲ್ಲಲಾ ಆಕಿ. ಹಚ್ಚಿದ್ರ ಸವೀತತಿ, ಉಳಿದಷ್ಟು ಅಣ್ಣನೂ ಹೋಗ್ತಾನ ಅಂತಾಳ. ನಿಮ್ಮಪ್ಪನ ಹೇಳಿದ್ದನಂತಲ್ಲ."

ನಾನು ಯಂತ್ರದ ಸ್ಕ್ರೂ ಬಿಚ್ಚುತ್ತಿದ್ದೆ, ಕೈ ನಿಂತಿತು. ಪಾರಕ್ಕ ಸಿಟ್ಟಿನಿಂದ, ದುಃಖದಿಂದ ಬರುವುದು ಬಿಟ್ಟಳು ಎಂದುಕೊಂಡಿದ್ದೆವು ನಾವು. ಅವಳು ಉಳಿದ ಮಗನನ್ನು ತನ್ನ ಕಣ್ಣಿಗೇ ಬೀಳದಂತೆ ಕಾಪಾಡುತ್ತ ಕೂತಿದ್ದಳು, ಇಷ್ಟು ವರ್ಷ. ಆ ಕ್ಯಾಸೆಟ್ಟನ್ನು ಹಚ್ಚುವ ಮೊದಲು ಡ್ರಮ್ಮನ್ನು ನಾನು ಎಷ್ಟು ಸಲ ಒರೆಸಿದೆನೋ ಗೊತ್ತಿಲ್ಲ. ಬೂಸು ಇರಲಿಲ್ಲ. ಅಷ್ಟು ಜೋಪಾನ ಮಾಡಿದ ಕ್ಯಾಸೆಟ್ಟು ನನ್ನ ಮೇಜಿಗೆ ಮತ್ತೊಂದು ಬಂದಿಲ್ಲ. ಪೆನ್‌ಡ್ರೈವಿಗೆ ಇಳಿಸಿ, ನಾನೇ ತಂದುಕೊಡುತ್ತೇನೆ ಎಂದು ಹೇಳಿ ಕಳಿಸಿದೆ.

ಗಬ್ಬೂರಿನ ಮನೆಗೆ ನಾನು ಹೋದದ್ದು ಬೆಳಗಿನ ಹೊತ್ತು. ಪಾರಕ್ಕ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಬಹಳ ಸಣ್ಣಗಾಗಿದ್ದಳು. ನಾನು ಕಸ್ತೂರಿ, ಬಸಣ್ಣನ ಮಗಳು ಎಂದೆ. ಹತ್ತಿರ ಕರೆದು ನನ್ನ ಗಲ್ಲ ಸವರಿದಳು. ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಹೋದ ಮಾತೆಲ್ಲ ಮರೆತು, ನೇರ ಹೇಳಿಬಿಟ್ಟೆ.

"ಕಾಕು, ಕ್ಯಾಸೆಟ್ಟು ನೀವು ಸವಿಸಲಿಲ್ಲರಿ. ನಮ್ಮ ಆಯಿ ಖಂಡೆ ಪೂಜಿಗೆ ಮಷೀನದ ಒಳಗ ಈಬತ್ತಿ ಹಚ್ಚಿದ್ಲು. ಅದಕ ಹಾಳಾತು. ಅಪ್ಪಗ ಅವತ್ತ ಗೊತ್ತಿತ್ತು. ನಮಗೆಲ್ಲಾರಿಗೂ ಗೊತ್ತಿತ್ತು."

ಪಾರಕ್ಕ ಗಲ್ಲದ ಮೇಲಿನ ಕೈ ತೆಗೆಯಲಿಲ್ಲ.

"ಅಂದ್ರ ಉಳಿದದ್ದನ್ನ ನಾ ನೋಡಬಹುದಿತ್ತೇನು?"

"ನೋಡಬಹುದಿತ್ತರಿ."

"ಪ್ರತಿ ಅಮಾಸಿಗೂ?"

"ಹೂಂ ರಿ."

ಅವಳು ಕೈ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೈದಿದ್ದರೆ ನಾನು ಬೈಸಿಕೊಳ್ಳುತ್ತಿದ್ದೆ. ಉಳಿದದ್ದನ್ನು ಪೆನ್‌ಡ್ರೈವಿಗೆ ಇಳಿಸಿ ತಂದಿದ್ದೇನೆ ಎಂದೆ, ಹಚ್ಚು ಎಂದಳು. ಸುವರ್ಣಾಳ ಟಿವಿಗೆ ಪೆನ್‌ಡ್ರೈವು ಸಿಕ್ಕಿಸಿ ಪಂಕ್ತಿಯ ಭಾಗಕ್ಕೆ ತಂದೆ. ಜೋರಾಗಿ ಸಿನಿಮಾ ಹಾಡು ಬಂತು. ಆಗಿನ ವಿಡಿಯೋದವರು ಮದುವೆಯ ಮಾತುಕತೆಯನ್ನೆಲ್ಲ ತೆಗೆದುಹಾಕಿ ಮೇಲೆ ಹಾಡು ಕೂಡಿಸುತ್ತಿದ್ದರು. ಪಾರಕ್ಕ ಟಿವಿಯ ಕಡೆ ಕಿವಿ ತಿರುಗಿಸಿದಳು, ಮುಖ ತಿರುಗಿಸಲಿಲ್ಲ. ಆಗಲೇ ನಾನು ಅವಳ ಕಣ್ಣುಗಳನ್ನು ಸರಿಯಾಗಿ ನೋಡಿದ್ದು.

"ಸಕ್ಕರಿ ಬ್ಯಾನಿ ತಿಂದಬಿಡ್ತು," ಎಂದಳು ಬಾಗಿಲಲ್ಲಿ ನಿಂತ ಸುವರ್ಣಾ. "ಮೂರು ವರ್ಷ ಆತು, ಏನೂ ಕಾಣೂದಿಲ್ಲ."

"ಹಾಡ ತಗದ ಅಂವನ ಮಾತ ಬರಂಗ ಮಾಡು," ಎಂದಳು ಪಾರಕ್ಕ ನನಗೆ. "ಈಗ ಏನೇನೋ ಮಾಡ್ತಾರಂತಲ್ಲ."

"ಮಾತ ಉಳಿದಿಲ್ಲರಿ ಕಾಕು. ಬರೇ ಹಾಡ ಐತಿ."

"ಹಂಗಾರ ಸಪ್ಪಳಾ ಬಂದ್ ಮಾಡಿ ನೀ ನೋಡಿ ಹೇಳು. ಏನ ಮಾಡಾಕತ್ತಾನ?"

ದನಿ ಬಂದ್ ಮಾಡಿದೆ. ಮಹಾಂತೇಶ ಬಕೆಟ್ಟು ಹಿಡಿದು ಸಾರು ನೀಡುತ್ತ ಬಗ್ಗಿ ಬಗ್ಗಿ ಸಾಲಿನ ತುದಿಗೆ ಹೋಗುತ್ತಿದ್ದ. ಪೂರ್ತಿ ಬೆನ್ನು ಮಾಡಿದ್ದ. ಕ್ಯಾಮೆರಾ ಸ್ವಲ್ಪ ಹೊತ್ತಿಗೆ ಬೇರೆ ಕಡೆ ತಿರುಗಿತು.

"ಸಾರ ನೀಡಾಕತ್ತಾನರಿ. ಹೆಗಲ ಮ್ಯಾಲೆ ಟವೆಲ್ ಐತಿ."

"ನಗಾಕತ್ತಾನೇನು?"

ಹೌದು ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭವಾಗಿತ್ತು, ಎಷ್ಟು ಒಳ್ಳೆಯದೆನಿಸುತ್ತಿತ್ತು.

"ಮಾರಿ ಕಾಣವಲ್ದರಿ ಕಾಕು. ಬೆನ್ನ ಅಷ್ಟ ಐತಿ."

ಪಾರಕ್ಕ ತಲೆಯಾಡಿಸಿದಳು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು, ಬಿಗಿಯಾಗಿಯೇ ಹಿಡಿದಳು.

"ಹಿಂದಕ್ಕ ಒಯ್ದು ಮತ್ತೊಮ್ಮಿ ನೋಡು. ಸವಿಯೂದಿಲ್ಲಲಾ?"

"ಸವಿಯೂದಿಲ್ಲರಿ."

ಹಿಂದಕ್ಕೆ ಒಯ್ದೆ.